ಹದಿನಾಲ್ಕನೆಯ ವಿಷಯದ ಎರಡನೆಯ ಪುಟ

ಸಭೆಗೆ ಇನ್ನು ಹತ್ತೇ ನಿಮಿಷ ಇರುವಾಗ ಪುಟ ಬದಲಾಗಿದ್ದು ತ್ರಿವೇಣಿಯ ಕಣ್ಣಿಗೆ ಬಿತ್ತು.

ಪುಣೆಯ ಅಂಚಿನ ಪುಟ್ಟ ನಗರ ಪರಿಷತ್ತೊಂದರ ಖರೀದಿ ವಿಭಾಗದಲ್ಲಿ ಅವಳು ಒಪ್ಪಂದದ ಮೇಲಿನ ಗುಮಾಸ್ತೆ. ಇವತ್ತಿನ ಸಭೆಯ ವಿಷಯ ಹದಿನಾಲ್ಕು, ಗಟಾರ ಶುಚಿ ಮಾಡುವ ಯಂತ್ರದ ಖರೀದಿ. ಅದನ್ನು ಟೈಪ್ ಮಾಡಿದವಳೂ ಅವಳೇ. ಅವಳು ಬರೆದದ್ದು ಕೆಸರನ್ನು ಮೇಲಕ್ಕೆ ಹೀರಿ ತೆಗೆಯುವ ದೊಡ್ಡ ಯಂತ್ರ. ಈಗ ಎರಡನೆಯ ಪುಟದಲ್ಲಿದ್ದದ್ದು ಬರೀ ನೀರು ಚಿಮ್ಮುವ ಸಣ್ಣದು. ಉಳಿದ ಅನುದಾನಕ್ಕೆ ‘ತಪಾಸಣೆಗಾಗಿ ಒಂದು ವಾಹನ’. ಅಂದರೆ ಅಧ್ಯಕ್ಷರಿಗೆ ಹೊಸ ಕಾರು.

ನೀರು ಚಿಮ್ಮಿದರೆ ಕೆಸರು ಸಡಿಲವಾದೀತು, ಹೊರಗೆ ಬಾರದು. ಬಕೆಟ್ಟಿಗೆ ತುಂಬಲು ಮತ್ತೆ ಪರಿಷತ್ತಿನ ಸಫಾಯಿ ಕೆಲಸದ ಮಹದೇವಪ್ಪನೇ ಗಟಾರದ ಚೇಂಬರಿಗೆ ಇಳಿಯಬೇಕು. ಹೋದ ದೀಪಾವಳಿಗೆ ಮುಂಚೆ ಅವನನ್ನು ಹಗ್ಗ ಹಾಕಿ ಮೇಲಕ್ಕೆ ಎಳೆದಾಗ ಒಳಗಿನ ವಿಷಗಾಳಿಗೆ ತುಟಿ ನೀಲಿಗಟ್ಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಸೂಪರಿಂಟೆಂಡೆಂಟ್ ಮಧುಕರ್ ಸೋಲಾಪುರದವರು. ಕಚೇರಿಯಲ್ಲಿ ಮರಾಠಿ, ಬೇರೆಯವರ ಕಿವಿಗೆ ಬೀಳಬಾರದ ಮಾತಿಗಷ್ಟೇ ಕನ್ನಡ.

“ಸರ್, ಈ ಪುಟ ನಂದಲ್ರಿ,” ಎಂದಳು.

“ಹೌದು, ನಂದು. ಸಭಾದಾಗ ವಿಷಯ ಓದೋ ಕುಶಲ ರಜಾ ಹಾಕ್ಯಾನ, ಇವತ್ತ ನೀನ ಓದು. ಹೆಡಿಂಗ್ ಅಷ್ಟ. ಪದ್ಧತಿ ಹಂಗ ಅದ. ಮಂಜೂರ್ ಅಂತಾರ, ಮುಗೀತು.”

“ಸದಸ್ಯರಿಗೆಲ್ಲಾ ಹಳೇ ಪುಟಾನ ಹೋಗ್ಯದಲ್ರಿ.”

“ಅದಕ್ಕ ಹೇಳಾಕತ್ತೀನಿ, ಹೆಡಿಂಗ್ ಅಷ್ಟ ಅಂತ. ಗದ್ದಲಾ ಆಗಿ ವಿಷಯ ಮುಂದ ಹೋತಂದ್ರ ಅನುದಾನ ವಾಪಸ್. ಇವತ್ತ ಮಾರ್ಚ್ ಮೂವತ್ತೊಂದು. ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ನಿನ್ನ ಒಪ್ಪಂದದ ಫೈಲೂ ನನ್ನ ಟೇಬಲ್ ಮ್ಯಾಲ ಅದ.”

ನಾಲ್ಕು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿದ್ದ ಪರಿಷತ್ತಿಗೆ ಸದಸ್ಯರು ಆರಿಸಿಬಂದು ಮೂರೇ ತಿಂಗಳಾಗಿತ್ತು. ಪದ್ಧತಿಯನ್ನು ಮಾತ್ರ ಬೇಗ ಕಲಿತಿದ್ದರು. ಹದಿಮೂರು ವಿಷಯಗಳು ಇಪ್ಪತ್ತು ನಿಮಿಷದಲ್ಲಿ ಬೆಂಚು ತಟ್ಟುವ ಸದ್ದಿನ ಮೇಲೆ ಹಾದುಹೋದವು.

ಹದಿನಾಲ್ಕರ ಹೆಡಿಂಗ್ ಓದಿದಳು. “ಮಂಜೂರ್, ಮಂಜೂರ್.” ಅಧ್ಯಕ್ಷರ ಕೈ ವಿಷಯ ಮುಗಿಸುವ ಗಂಟೆಯತ್ತ ಹೋಯಿತು. ತ್ರಿವೇಣಿ ಪುಟ ತಿರುವಿದಳು. ತಿರುವಿದ ಮೇಲೆ ಓದದೆ ಗತ್ಯಂತರವಿರಲಿಲ್ಲ. ಆದರೆ ದನಿ ಎಷ್ಟು ಸಣ್ಣಗಿತ್ತೆಂದರೆ ಮೊದಲ ಬೆಂಚಿಗೇ ಅರ್ಧ ಮುಟ್ಟಿತು.

ಮೊದಲ ಬೆಂಚಿನಲ್ಲಿದ್ದವಳು ಮೊದಲ ಸಲ ಗೆದ್ದ ಸದಸ್ಯೆ ಸ್ನೇಹಲ್. ಮರಾಠಿಯಲ್ಲಿ ಕೇಳಿದಳು: “ಅಕ್ಕಾ, ಏನೋ ಓದ್ತಾ ಇದ್ದೀಯ, ಕೇಳಿಸ್ತಿಲ್ಲ. ಮೈಕ್ ಹತ್ರ ಬಾ. ವಾಹನ ಅಂದ್ಯಲ್ಲ, ಯಾರ ವಾಹನ?”

ಹಿಂದೆ ಮಧುಕರ್ ಕೆಮ್ಮಿದರು. ತ್ರಿವೇಣಿ ಮೊದಲಿನಿಂದ ಓದಿದಳು. ಎಲ್ಲರೂ ತಮ್ಮ ತಮ್ಮ ಪ್ರತಿ ತೆಗೆದು ತಾಳೆ ನೋಡಿದರು.

“ತಿದ್ದುಪಡಿ ಸೂಚಿಸ್ತೀನಿ,” ಎಂದಳು ಸ್ನೇಹಲ್. “ವಾಹನ ಬೇಡ. ನಮಗೆ ಕಳಿಸಿದ ಪುಟದಲ್ಲಿರೋ ದೊಡ್ಡ ಯಂತ್ರವೇ ಇರಲಿ.”

ಅಧ್ಯಕ್ಷರು ನಸುನಕ್ಕರು. “ಅನುಮೋದಕರು ಯಾರು?”

ಯಾರೂ ಇಲ್ಲ. ಅನುಮೋದಕರಿಲ್ಲದ ತಿದ್ದುಪಡಿ ಅಲ್ಲಿಗೇ ಬಿದ್ದುಹೋಗುತ್ತದೆ. ತ್ರಿವೇಣಿ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬರು ಮೊಬೈಲ್ ನೋಡುತ್ತಿದ್ದರು, ಒಬ್ಬರು ಫ್ಯಾನು. ಅಧ್ಯಕ್ಷರ ಬೆರಳು ಮತ್ತೆ ಗಂಟೆಯ ಮೇಲೆ ಕೂತಿತು.

“ನನ್ನದುಂಟು,” ಎಂದರು ಕೊನೆಯ ಸಾಲಿನ ಸಂಕಪ್ಪ, ತಮ್ಮ ಊರಿನ ಧಾಟಿಯ ಮರಾಠಿಯಲ್ಲಿ. ಉಡುಪಿ ಕಡೆಯ ಹೋಟೆಲಿನವರು, ಈವರೆಗೆ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. “ನನ್ನ ಹೋಟೆಲಿನ ಎದುರಿಗೇ ಚೇಂಬರ್ ಉಂಟು ಮಾರಾಯ್ರೇ. ಗಿರಾಕಿಗಳು ಮೂಗು ಮುಚ್ಚಿ ಇಡ್ಲಿ ತಿನ್ನುವುದು ಹೇಗೆ? ಕಾರು ಬಂದರೆ ವಾಸನೆ ಹೋಗ್ತದಾ?”

ನಗೆ ಎದ್ದಿತು. ನಗೆಯ ಹಿಂದೆಯೇ ಕೈಗಳೂ ಎದ್ದವು. ತಿದ್ದುಪಡಿಯ ಪರ ಹನ್ನೊಂದು, ವಿರುದ್ಧ ಒಂಬತ್ತು.

ನಾಲ್ಕು ಗಂಟೆಗೆ ಅಧ್ಯಕ್ಷರು ಠರಾವಿಗೆ ಸಹಿ ಹಾಕಿದರು. ಐದಕ್ಕೆ ಯಂತ್ರದ ಖರೀದಿ ಆದೇಶ ಹೊರಟಿತು. ತ್ರಿವೇಣಿಯ ಒಪ್ಪಂದದ ಫೈಲು ಮಾತ್ರ ಮಧುಕರ್ ಮೇಜಿನ ಮೇಲೆಯೇ ಇತ್ತು. ಅವರು ಅವಳತ್ತ ನೋಡಲಿಲ್ಲ.

ಅಂಗಳದಲ್ಲಿ ಮಹದೇವಪ್ಪ ಹಗ್ಗ ಸುತ್ತುತ್ತ ಕೂತಿದ್ದ.

“ಮಶೀನ್ ಬರ್ತದ ಕಾಕಾ, ದೊಡ್ಡದು.”

“ಯಾವಾಗ ತಂಗಿ?”

“ಮೂರ್‌ನಾಕು ತಿಂಗಳಾಗಬಹುದು.”

“ನಾಳೆ ಮುಂಜಾನಿ ಬಸ್‌ಸ್ಟಾಂಡಿನ ಚೇಂಬರ್‌ಗೆ ಇಳೀ ಅಂದಾರಲ್ಲ.”

ಇದು ಅವಳಿಗೆ ಹೊಳೆದೇ ಇರಲಿಲ್ಲ.

“ಇಳೀತೀನಿ ಅನ್ರಿ. ಬರವಣಿಗೀಲೆ ಆದೇಶ ಕೊಡ್ರಿ, ಸಹಿ ಮಾಡಿ, ಅಂತ ಕೇಳ್ರಿ.”

“ಅದನ್ನ ಯಾರು ಬರದು ಕೊಡ್ತಾರ? ಮನಶಾನ್ನ ಒಳಗ ಇಳಸಬಾರದಂತ ಕಾನೂನ ಅದ, ಬರದವ ಜೇಲಿಗೆ ಹೋಗ್ತಾನ.”

“ಹೌದು,” ಎಂದಳು ತ್ರಿವೇಣಿ. “ಕೇಳಿ, ಕಾಗದ ಕೈಗೆ ಬರೋತನಕ ಇಳೀದ ಅಲ್ಲೇ ಕುಂದರ್ರಿ. ಮುಂಜಾನಿ ನಾನೂ ಬರ್ತೀನಿ.”