ಕಾಜಲಳಿಗೆ ಅಂಟಿದ ಹೆಸರು

ಮಗ್ಗಗಳ ಊರು ಇಚಲಕರಂಜಿಯ ಶಹಾಪುರ ಭಾಗದಲ್ಲಿ ನಳಕ್ಕೆ ನೀರು ಬಂದಿತ್ತು. ಹದಿನಾಲ್ಕು ವರ್ಷದ ಕಾಜಲ ತುಂಬಿದ ಕೊಡ ಎತ್ತಿ ಎರಡು ಹೆಜ್ಜೆ ಇಟ್ಟಳು, ಕೊಡದ ಸಮೇತ ಕುಸಿದಳು.

"ಶುರು ಆತ ನೋಡ್ರಿ ಮೈಗಳ್ಳಿ ನಾಟಕ!" ನೆರೆಮನೆಯ ನಾಗೂಬಾಯಿ ನಕ್ಕಳು.

ತಾಯಿ ಚೆನ್ನವ್ವನಿಗೆ ಬೈಯುವಷ್ಟೂ ತ್ರಾಣವಿರಲಿಲ್ಲ. ಹನ್ನೆರಡು ತಾಸು ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತಿ ಆಗಷ್ಟೇ ಬಂದಿದ್ದಳು. ಮಗಳು ಸಾಲೆಯಿಂದ ಬಂದವಳೇ ಮಲಗುತ್ತಾಳೆಂಬ ಸಿಟ್ಟಿಗೆ ಎರಡು ವರ್ಷದ ಹಿಂದೆ ತಾನೇ ಇಟ್ಟ ಹೆಸರು ಮೈಗಳ್ಳಿ. ಈಗ ಓಣಿಯೆಲ್ಲ ಅದನ್ನೇ ಕೂಗುತ್ತಿತ್ತು.

ಮನೆ ಮನೆ ತಿರುಗುತ್ತ ಬಂದಿದ್ದ ಆಶಾ ಕಾರ್ಯಕರ್ತೆ ವೃಷಾಲಿ, ಕಾಜಲಳ ಕೆಳರೆಪ್ಪೆ ಎಳೆದು ನೋಡಿದಳು. ಬಿಳಿಚಿಕೊಂಡಿತ್ತು.

"ಚೆನ್ನವ್ವಾ, ನಾಳೆ ಇಕಿನ್ನ ದವಾಖಾನಿಗೆ ಕರ್ಕೊಂಡ ಬರ್ರಿ. ರಕ್ತ ತಪಾಸ್ನಿ ಮಾಡ್ಸೂಣು."

"ಅಕಿಗೇನೂ ಆಗಿಲ್ರಿ. ಅದು ಅಕಿ ಗುಣಾ. ನನಗರೆ ಸುಟ್ಟಿ ಎಲ್ಲೈತಿ?"

"ಗುಣಾನೋ ರೋಗಾನೋ, ನೋಡದ ಹೆಂಗ ಹೇಳ್ತೀರಿ?"

ಚೆನ್ನವ್ವ ಒಲ್ಲದ ಮನಸ್ಸಿನಿಂದಲೇ ಹೋದಳು. ರಕ್ತದಲ್ಲಿ ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕಿತ್ತು. ಕಾಜಲಳಿಗೆ ಇದ್ದದ್ದು ಏಳೂವರೆ; ಸುಸ್ತಿಗೆ ಈ ರಕ್ತಹೀನತೆಯೇ ಕಾರಣ.

"ತಲಿ ತಿರಗತಿತ್ತೇನವಾ?" ಡಾಕ್ಟರು ಕೇಳಿದರು.

"ದಿನಾ ತಿರಗತಿತ್ರಿ."

"ಮತ್ತ ನನಗ್ಯಾಕ ಹೇಳಲಿಲ್ಲ?" ಚೆನ್ನವ್ವ ಗಾಬರಿಯಾದಳು.

"ಎಲ್ಲಾರಿಗೂ ಹಿಂಗ ಆಕ್ಕೈತಿ ಅಂದ್ಕೊಂಡಿದ್ನಿ ಅವ್ವಾ. ಎಲ್ಲಾರೂ ತಡಕೊಂಡ ದುಡಿತಾರ, ನಾ ಒಬ್ಬಾಕಿನ ಮೈಗಳ್ಳಿ ಅಂತ."

ಚೆನ್ನವ್ವ ಮಗಳ ಗಲ್ಲ ಹಿಡಿದೆತ್ತಿ ನೋಡಿದಳು. ಎರಡು ವರ್ಷ ಆ ಹೆಸರಿನಿಂದ ಕರೆದಿದ್ದಳೇ ಹೊರತು, ಒಮ್ಮೆಯೂ ಮಗಳ ಮುಖ ನಿಂತು ನೋಡಿರಲಿಲ್ಲ.

ಮೂರು ತಿಂಗಳು ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆ, ದಿನಾ ಸೊಪ್ಪು, ಶೇಂಗಾ. ಕಾಜಲಳ ಮೈಯಲ್ಲಿ ರಕ್ತ ತುಂಬಿಕೊಂಡಿತು. ಹೆಸರು ಮಾತ್ರ ಬಿಡಲಿಲ್ಲ. "ಏ ಮೈಗಳ್ಳಿ, ನೀರ ಬಂತ!" ಎಂದರೆ ಈಗಲೂ ಓಗೊಡುತ್ತಿದ್ದಳು.

ಒಂದು ಸಂಜೆ ಚೆನ್ನವ್ವ ದಣಿದ ಕಾಲು ಎಳೆಯುತ್ತ ನಾಗೂಬಾಯಿಯ ಬಾಗಿಲಿಗೆ ಹೋದಳು.

"ವೈನಿ, ಹೆಸರ ಇಟ್ಟಾಕಿ ನಾನ. ತಪ್ಪ ನಂದು. ಇನ್ನ ಮ್ಯಾಲ ಕಾಜಲ ಅನ್ರಿ."

ನಾಗೂಬಾಯಿ ಹಿಂತಿರುಗಿ ನೋಡಿದಳು. ಒಳಗೆ ಮಗ ಅಮೋಲ ಪುಸ್ತಕವನ್ನು ಮೂಗಿಗೆ ಹಿಡಿದು ಓದುತ್ತಿದ್ದ.

"ಚೆನ್ನವ್ವಾ," ಎಂದಳು ಮೆಲ್ಲಗೆ, "ನಮ್ಮ ಇಂವಗ ನಾವು ಕುಡ್ಡ ಅಂತೀವಿ. ಇವನ ಕಣ್ಣೂ ತೋರಸ್ಬೇಕಂತೀಯೇನ?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ಮಂದ, ಕಿವುಡ, ನಿದ್ದೆಬಡಕ ಎಂದು ಕರೆಸಿಕೊಳ್ಳುವ ಮಗು ಇದೆಯೇ? ಆ ಹೆಸರನ್ನು ಇಂದೇ ನಿಲ್ಲಿಸಿ. ಮಗುವನ್ನು ಹತ್ತಿರ ಕೂರಿಸಿಕೊಂಡು ಏನಾಗುತ್ತಿದೆ ಎಂದು ಕೇಳಿ. ದವಾಖಾನೆಗೆ ಕರೆದುಕೊಂಡು ಹೋಗಿ. ನೀವು ನಗುತ್ತ ಇಟ್ಟ ಹೆಸರನ್ನು ಮಗು ನಿಜವೆಂದೇ ನಂಬುತ್ತದೆ.