ಎಡಗೈಯ ಹಿಡಿ

ಭದ್ರಾವತಿಯ ಶಿವಯೋಗಪ್ಪನಿಗೆ ಫೋನ್ ಬರುವುದೇ ಅಪರೂಪ. ಹಾಗಾಗಿ ಶಿವಮೊಗ್ಗದ ಗೋಪಾಳದಿಂದ ಲಿಖಿತಾ ಎಂಬಾಕೆ ಮಾತಾಡಿ, ಹಳೆಯ ಕಾಳಗದ ದೊಣ್ಣೆಯೊಂದು ಬಂದಿದೆ, ಮರ ಯಾವುದೆಂದು ನೋಡಿ ಹೇಳುವಿರಾ ಎಂದು ಕೇಳಿದಾಗ ಅವನು ತಕ್ಷಣ ಗುರುವಾರ ಬರುತ್ತೇನೆಂದ. ಬೆಳಗಿನಿಂದ ಅವನು ಯಾರೊಡನೆಯಾದರೂ ಬಾಯಿಬಿಟ್ಟದ್ದು ಅದೇ ಮೊದಲು.

ಮೂವತ್ತೊಂದು ವರ್ಷ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಕೆತ್ತಿದವನು ಅವನು. ಎಡಚ. ಉಳಿ, ಕೊಡತಿ ಎಲ್ಲದರ ಹಿಡಿಯನ್ನೂ ತನ್ನ ಕೈಗೆ ಒಗ್ಗುವಂತೆ ತಾನೇ ಮಾಡಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ. ಹೆಂಡತಿ ಕರಿಬಸಮ್ಮ ತೀರಿಕೊಂಡು ಆರು ವರ್ಷ. ಜೊತೆಯಲ್ಲಿ ದುಡಿದವರು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು, ಕೆಲವರು ಲೋಕವನ್ನೇ ಬಿಟ್ಟಿದ್ದರು.

ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದ. ಲಿಖಿತಾ ಹಳೆಯ ವಸ್ತುಗಳ ಪುಟ್ಟ ಸಂಗ್ರಹಾಲಯವೊಂದನ್ನು ನೋಡಿಕೊಳ್ಳುತ್ತಿದ್ದಳು. ದೊಣ್ಣೆಯನ್ನು ಕೊಟ್ಟ ಆಯನೂರಿನ ರೈತ ಹೊನ್ನಯ್ಯನವರೂ ಅಲ್ಲಿ ಬಂದು ಕೂತಿದ್ದರು. ತಮ್ಮ ಹಿರೀಕರು ಯುದ್ಧಕ್ಕೆ ಹಿಡಿದು ಹೋದದ್ದು, ಅಪ್ಪಟ ಬೀಟೆ ಮರದ್ದು ಎಂಬುದು ಅವರ ಮಾತು.

ಶಿವಯೋಗಪ್ಪ ದೊಣ್ಣೆಯನ್ನು ಅಂಗೈ ಮೇಲೆ ತೂಗಿದ. ಬುಡದಲ್ಲಿ ಕಾಣದ ಕಡೆ ಉಗುರಿನಷ್ಟು ಹೆರೆದು ಮೂಸಿದ. ಬೀಟೆಯ ಸಿಹಿ ವಾಸನೆ ಇರಲಿಲ್ಲ. ಚೂರನ್ನು ಬಿಸಿನೀರಿನ ಲೋಟಕ್ಕೆ ಹಾಕಿದ. ಅದು ತಳ ಸೇರಿತು, ಸ್ವಲ್ಪ ಹೊತ್ತಿಗೆ ನೀರು ಕೆಂಪಗಾಯಿತು.

"ಬೀಟೆ ಅಲ್ಲ, ಕಗ್ಗಲಿ. ಎಲೆ ಅಡಿಕೆಗೆ ಹಾಕ್ತೀವಲ್ಲ ಕಾಚು, ಅದನ್ನ ಈ ಮರದಿಂದಲೇ ತೆಗೆಯೋದು."

ಹೊನ್ನಯ್ಯನವರ ಮುಖ ಸಣ್ಣಗಾಯಿತು. ಕಗ್ಗಲಿ ತಮ್ಮ ಗುಡ್ಡದಲ್ಲೇ ಬೆಳೆಯುವ ಮುಳ್ಳಿನ ಮರವಲ್ಲವೇ ಎಂದರು. ಬೀಟೆ ಚಂದಕ್ಕೆ, ಪ್ರಾಣದ ಮೇಲೆ ಬಂದಾಗ ಮುರಿಯದ ಕಗ್ಗಲಿಯೇ ಬೇಕು ಎಂದು ಶಿವಯೋಗಪ್ಪ ಸಮಾಧಾನ ಹೇಳಿದ.

ಹಿಡಿಗೆ ಸುತ್ತಿದ ತೊಗಲು ಒಣಗಿ, ಅರ್ಧ ಉದುರಿಹೋಗಿತ್ತು. ಅಡಿಯಲ್ಲಿ ಮರ ಸವೆದು ನುಣುಪಾಗಿತ್ತು. ಲಿಖಿತಾ ಬಲಗೈಯಲ್ಲಿ ಹಿಡಿದು ನೋಡಿದಳು, ಕೂರಲಿಲ್ಲ. ಶಿವಯೋಗಪ್ಪ ಎಡಗೈ ಇಟ್ಟ. ಹೆಬ್ಬೆರಳು ತಾನಾಗಿಯೇ ಒಂದು ಕುಳಿಯೊಳಗೆ ಇಳಿಯಿತು. ನಾಲ್ಕು ಬೆರಳಿಗೂ ಜಾಗ ಕಾದಿತ್ತು. ಯಾರೋ ಒಳಗಿನಿಂದ ಕೈ ಹಿಡಿದುಕೊಂಡಂತಾಯಿತು. ಕರಿಬಸಮ್ಮ ಹೋದ ಮೇಲೆ ಅವನ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಏನಾಯಿತು ಸರ್ ಎಂದು ಲಿಖಿತಾ ಕೇಳುವವರೆಗೂ ಅವನು ಕೈ ತೆಗೆಯಲಿಲ್ಲ.

"ಇದನ್ನ ಹಿಡಿದೋನು ಎಡಚ," ಎಂದ. "ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ ಹಿಡಿದಿದಾನೆ."

ಹೊನ್ನಯ್ಯ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನನ್ನ ಮೊಮ್ಮಗಳು ಸಿರೀನೂ ಎಡಚಿ ಕಣ್ರೀ. ಬಿಡಿಸ್ಬೇಕು ಅಂತ ಮನೇಲಿ ದಿನಾ ಬೈತೀವಿ."

"ಬೈಬೇಡಿ. ನಿಮ್ಮ ವಂಶದ್ದೇ ಅದು."

ಹೊನ್ನಯ್ಯ ಆಗಲೇ ಮನೆಗೆ ಫೋನ್ ಹಚ್ಚಿದರು. ಸಿರಿಯನ್ನು ಕರೆಸಿ, ಮಗಾ, ನಿನ್ನ ಹಾಗೇ ಒಬ್ಬ ಅಜ್ಜ ಇದ್ದ ಕಣೇ ಎಂದು ಶುರುಮಾಡಿದವರು ಮಾತು ನಿಲ್ಲಿಸಲೇ ಇಲ್ಲ. ಶಿವಯೋಗಪ್ಪ ಸನ್ನೆಯಲ್ಲೇ ಲಿಖಿತಾಗೆ ಹೇಳಿ ಹೊರಟ.

ಭದ್ರಾವತಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಬಸ್ ನಿಲ್ದಾಣದ ಹತ್ತಿರ ಧನಲಕ್ಷ್ಮಿಯ ಟೀ ಅಂಗಡಿಯಲ್ಲಿ ಕೂತು, ಕಗ್ಗಲಿಯ ವಿಷಯ, ಎಡಗೈಯ ವಿಷಯ ಹೇಳತೊಡಗಿದ. ಆಕೆ ಹೌದಾ ಎಂದಳು. ಅಷ್ಟರಲ್ಲಿ ಬಸ್ಸೊಂದು ಬಂದು, ಐದಾರು ಜನ ಒಟ್ಟಿಗೇ ಟೀ ಕೇಳಿದರು.

ಜನ ಕರಗುವುದನ್ನು ಅವನು ಬಹಳ ಹೊತ್ತು ಕಾದ. ಆಮೇಲೆ ಖಾಲಿ ಲೋಟವನ್ನು ತಾನೇ ತೊಳೆದಿಟ್ಟು ಮನೆಯ ಕಡೆ ನಡೆದ.