ಹಾಕಿದವನೇ ತೆಗೆಯಬೇಕು

“ಕರಗಿಸಿಬಿಡಿ ಇವನನ್ನ! ತಲೆಯಿಂದಲೇ ಶುರುಮಾಡಿ!”

ಹಾಗೆ ಕೂಗಿದವನು ನಾನೇ. ನನ್ನ ಕೈಯಲ್ಲಿ ವೀರಾಚಾರಿಯ ಹಿತ್ತಾಳೆ ಬಿಲ್ಲೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆಗಷ್ಟೇ ಅದನ್ನು ಉಗ್ರಪ್ಪನ ಇದ್ದಿಲ ಚೀಲದಿಂದ ಎಳೆದು ತೆಗೆದಿದ್ದೆ.

“ನಾನು ಬಿಲ್ಲೆ ಮುಟ್ಟಿಲ್ಲ, ಮೇಸ್ತ್ರಿ,” ಎಂದ ಉಗ್ರಪ್ಪ.

“ಬಾಯಿ ಮುಚ್ಚು! ಮತ್ತೆ ನಿನ್ನ ಚೀಲಕ್ಕೆ ರೆಕ್ಕೆ ಕಟ್ಟಿಕೊಂಡು ಬಂತಾ?”

ಹೆಸರು ಉಗ್ರಪ್ಪ, ಸಿಟ್ಟೆಂದರೇನೆಂದು ಗೊತ್ತಿಲ್ಲದವನು. ಹಿತ್ತಾಳೆಯ ಮೈ, ಎದೆಯೊಳಗೆ ಪುಟ್ಟ ಒಲೆ, ಮಾತಾಡಿದರೆ ಕಿವಿಯಿಂದ ಹಬೆ. ನಮ್ಮ ಉಗಿಬಂಡಿಗಳು ಪರಂಗಿಯವರ ಫಿರಂಗಿಗಳನ್ನು ಸಮುದ್ರಕ್ಕೆ ತಳ್ಳಿ ಮೂರು ತಲೆಮಾರಾಗಿತ್ತು. ಅಂಥ ಉಗಿಯಾಳುಗಳು ಊರಿನ ಕಾರ್ಖಾನೆಗಳಲ್ಲೆಲ್ಲ ಇದ್ದರು. ಇವನು ಹದಿನೈದು ವರ್ಷ ನನ್ನ ಹೆಗಲಿಗೆ ಹೆಗಲು ಕೊಟ್ಟು ದುಡಿದವನು.

ನಮ್ಮಲ್ಲಿ ಒಂದೇ ಕಟ್ಟಳೆ. ಬಾಯ್ಲರಿನ ಹೊಟ್ಟೆಯೊಳಗೆ ಇಳಿಯುವವನು, ಹೆಸರು ಕೆತ್ತಿದ ತನ್ನ ಬಿಲ್ಲೆಯನ್ನು ಉಗಿ ಬಿಡುವ ವಾಲ್ವಿನ ಹಿಡಿಗೆ ತೂಗುಹಾಕಬೇಕು. ಹಾಕಿದವನೇ ತೆಗೆಯಬೇಕು. ಅದು ತೂಗುತ್ತಿರುವ ತನಕ ರಾಣಿಯೇ ಬಂದು ಹೇಳಿದರೂ ಉಗಿ ಬಿಡುವಂತಿಲ್ಲ.

ರಾಣಿಯ ಗಾಳಿಹಡಗಿಗೆಂದು ನನ್ನ ತಮ್ಮ ತಿಪ್ಪೇಶ ಒಂದು ಹೊಸ ಬಾಯ್ಲರು ಮಾಡಿದ್ದ. ಗುರುವಾರ ಬೆಳಿಗ್ಗೆ ಅದನ್ನು ಪರೀಕ್ಷಿಸಲು ವೀರಾಚಾರಿ ಒಳಗಿಳಿದ; ನಮಗೆಲ್ಲ ಕೆಲಸ ಕಲಿಸಿದ ಮುದುಕ. ಉಗಿ ಬಿಡುವ ಹೊತ್ತಿನ ಸಿಳ್ಳೆ ಕೂಗಿತು. ಉಗ್ರಪ್ಪ ಎಂದಿನಂತೆ ವಾಲ್ವು ತಿರುಗಿಸಿದ. ಒಳಗಿನಿಂದ ಬಂದ ಆ ಒಂದು ಚೀರು ಈಗಲೂ ನನ್ನ ಕಿವಿಯಲ್ಲಿದೆ.

ಹಿಡಿಯಲ್ಲಿ ಬಿಲ್ಲೆ ಇರಲೇ ಇಲ್ಲ ಎಂದ ಉಗ್ರಪ್ಪ. ಎರಡು ದಿನ ಹುಡುಕಿದೆವು. ಶನಿವಾರ ತಿಪ್ಪೇಶ, “ಅಣ್ಣ, ಅವನ ಚೀಲ ನೋಡಿದ್ಯಾ?” ಎಂದ. ನೋಡಿದೆ. ಸಿಕ್ಕಿತು.

“ಕುಲುಮೆ ಹೊತ್ತಿಸಿ,” ಎಂದರು ಠಾಣೆಯ ದಫೇದಾರರು. ತಿಪ್ಪೇಶ ತಾನೇ ಓಡಿಹೋಗಿ ತಿದಿ ಒತ್ತತೊಡಗಿದ.

ಬಿಲ್ಲೆಯ ಮೇಲಿದ್ದ ಇದ್ದಿಲ ಪುಡಿಯನ್ನು ಊದಿದೆ. ಹಾರಿಹೋಯಿತು. ಆಗ ತಲೆಗೆ ಹೊಳೆಯಿತು: ಮೂವತ್ತು ವರ್ಷದ ಜಿಡ್ಡು ಎಲ್ಲಿ? ವೀರಾಚಾರಿಯ ಬಿಲ್ಲೆ ಕಾವಲಿಯ ತಳದಂತೆ ಕಪ್ಪಗಿರುತ್ತಿತ್ತು. ಮೂಗಿಗೆ ಹಿಡಿದೆ. ಹುಣಸೆಹಣ್ಣು!

“ತಡೀರಿ, ಈಗ ಬಂದೆ!” ಎಂದವನೇ ಓಡಿದೆ. ಮನೆ ಕಾರ್ಖಾನೆಯ ಹಿಂದೆಯೇ. ಅವ್ವ ಅಕ್ಕಿ ಆರಿಸುತ್ತಿದ್ದಳು.

“ಅವ್ವ, ನಿನ್ನೆ ಏನೇನು ಉಜ್ಜಿದೆ?”

“ನಿನ್ನೆ ಶುಕ್ರವಾರ ಅಲ್ವೇನೋ? ದೀಪ, ಚೊಂಬು, ಗಂಟೆ... ಹಾಂ, ತಿಪ್ಪೇಶನ ಅಂಗಿ ಜೇಬಲ್ಲಿ ಒಂದು ಬಿಲ್ಲೆ ಇತ್ತು. ಅದೇನು ಕೊಳೆನೋ, ತಿಕ್ಕಿ ತಿಕ್ಕಿ ಕೈ ಬಿದ್ದೋಯ್ತು. ಹೊಳೀತಿದ್ಯಾ?”

“ಹೊಳೀತಿದೆ, ಅವ್ವ.”

ಹಿಂದಕ್ಕೆ ಓಡಿದೆ. ಬಾಯಿ ಬಿಟ್ಟರೆ ಅವ್ವನಿಗೆ ಮಗನಿಲ್ಲ. ಬಿಡದಿದ್ದರೆ ಉಗ್ರಪ್ಪನಿಲ್ಲ. ಒಳಗೆ ಕಾಲಿಟ್ಟಾಗ ಅವನನ್ನು ಕುಲುಮೆಯ ಬಾಯಿಗೆ ನೂಕಿದ್ದರು. ಎಡಗೈ ಬೆರಳುಗಳು ಆಗಲೇ ಕೆಂಪಗೆ ಕಾದಿದ್ದವು. ಅವನು ಕೊಸರಾಡುತ್ತಿರಲಿಲ್ಲ.

“ಬಿಡ್ರೋ ಅವನನ್ನ!” ತಿಪ್ಪೇಶನ ಕತ್ತುಪಟ್ಟಿ ಹಿಡಿದೆ. “ಅವ್ವ ಉಜ್ಜಿದ ಬಿಲ್ಲೆ ಕಣೋ ಇದು! ನಿನ್ನ ಜೇಬಲ್ಲಿದ್ದದ್ದು!”

ತಿದಿ ನಿಂತಿತು.

“ಸಂದು ಬಿಟ್ಟಿದೆ, ಇದು ಹಾರೋದಿಲ್ಲ ಅಂತ ರಾಣಿಗೆ ಹೇಳ್ತೀನಿ ಅಂದ ವೀರಾಚಾರಿ, ಅಣ್ಣ,” ಎಂದ ತಿಪ್ಪೇಶ. “ನನ್ನ ಮೊದಲನೇ ಬಾಯ್ಲರು...”

ದಫೇದಾರರು ಅವನ ಕೈಗೆ ಬೇಡಿ ಹಾಕಿ ಕರೆದೊಯ್ದರು. ನಾನು ಉಗ್ರಪ್ಪನ ಹತ್ತಿರ ಹೋದೆ.

“ಸಿಟ್ಟಲ್ಲಿ ಏನೇನೋ ಅಂದೆ ಕಣೋ. ಮನಸ್ಸಿಗೆ ಹಚ್ಚಿಕೋಬೇಡ.”

“ತಲೆಯಿಂದಲೇ ಶುರುಮಾಡಿ ಅಂದ್ರಿ, ಮೇಸ್ತ್ರಿ.”

ದೂರಲಿಲ್ಲ. ನೆನಪಿಸಿದ, ಅಷ್ಟೆ. ಕೊರಳಿಂದ ತನ್ನ ಬಿಲ್ಲೆ ಬಿಚ್ಚಿ, ವೀರಾಚಾರಿಯ ಜೀವ ತೆಗೆದ ಆ ವಾಲ್ವಿನ ಹಿಡಿಗೆ ತೂಗುಹಾಕಿ, ಬಾಗಿಲು ದಾಟಿದ. ಗುಡ್ಡದ ದಾರಿಯಲ್ಲಿ ಅವನ ಹಬೆ ಸ್ವಲ್ಪ ಹೊತ್ತು ಕಂಡಿತು. ಮತ್ತೆ ಬರಲಿಲ್ಲ.

ಆ ಬಾಯ್ಲರಿಗೆ ನಾನು ಉಗಿ ಬಿಡಲು ಕೊಡಲಿಲ್ಲ. ಬಿಲ್ಲೆಗೆ ಕೈ ಹಾಕಿದ ಹೊಸಬರನ್ನು ಹೊಡೆಯಲು ಹೋಗಿದ್ದುಂಟು. ಒಂದು ಶುಕ್ರವಾರ ಅವ್ವ ಸೆರಗಿನ ತುದಿಯಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಬಂದು ಆ ಬಿಲ್ಲೆಯ ಮುಂದೆ ನಿಂತಳು. ಬಹಳ ಹೊತ್ತು ನಿಂತು, ಗಂಟು ಬಿಚ್ಚದೆ ಮನೆಗೆ ಹೋದಳು. ಬಿಲ್ಲೆ ಕಪ್ಪಗೆ ತೂಗುತ್ತಿತ್ತು.